ಕಂಪನಿ ದುಡ್ಡಿನಲ್ಲಿ ಕಾಲೇಜಿನ ಸಂಶೋಧನೆ: ಮೊದಲ ಫೋನ್‌ನಿಂದ ಕೊನೆಯ ಕಂತಿನವರೆಗೆ

ನಮ್ಮ ರಾಜ್ಯದ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರ ಕೋಣೆಗೆ ಹೋಗಿ ನೋಡಿ, ಗೋಡೆ ಮೇಲೆ ಒಂದಾದರೂ ಎಂಒಯು (ಕಂಪನಿ ಜೊತೆಗಿನ ಒಡಂಬಡಿಕೆ) ಫೋಟೊ ಇದ್ದೇ ಇರುತ್ತದೆ. ಎರಡೂ ಕಡೆಯವರು ಒಂದೊಂದು ಫೈಲ್ ಹಿಡಿದು, ಕೈ ಕುಲುಕುತ್ತಾ, ಕ್ಯಾಮೆರಾ ನೋಡುತ್ತಿರುತ್ತಾರೆ. ಆ ಎಂಒಯುವಿನಿಂದ ಎಷ್ಟು ದುಡ್ಡು ಬಂತು, ಯಾರು ಪಿಎಚ್‌ಡಿ ಮುಗಿಸಿದರು ಎಂದು ಕೇಳಿದರೆ ಮಾತು ಕಾಫಿ ಕಡೆ ತಿರುಗುತ್ತದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡ ಬಂದಾಗ ತೋರಿಸೋಕೆ ಫೋಟೊ ಬೇಕು, ಒಪ್ಪೋಣ. ಆದರೆ ಎಂಒಯು ಅಂದರೆ "ಮುಂದೆ ಏನಾದರೂ ಮಾಡೋಣ" ಎಂಬ ಮಾತು ಅಷ್ಟೇ. ಅದರಲ್ಲಿ ರೂಪಾಯಿ ಇರುವುದಿಲ್ಲ, ತಾರೀಖು ಇರುವುದಿಲ್ಲ, ಕೆಲಸ ಯಾರದು ಎಂಬುದೂ ಇರುವುದಿಲ್ಲ.

ಇವೆಲ್ಲ ಇರುವ ಒಂದು ನಿಜವಾದ ಪ್ರಾಜೆಕ್ಟ್ ಹೇಗೆ ಕಟ್ಟುವುದು ಎಂಬುದು ಈ ಬರಹದ ವಿಷಯ. ಮುಖ್ಯವಾಗಿ ಇದು ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳಿಗೆ. ಕಾಲೇಜಿನವರ ಹತ್ತಿರ ಹೋಗಬೇಕು ಅಂತ ಇದ್ದು ಹೇಗೆ ಶುರು ಮಾಡೋದು ಗೊತ್ತಾಗದ ಸಣ್ಣ ಕಾರ್ಖಾನೆ ಮಾಲೀಕರಿಗೂ ಉಪಯೋಗಕ್ಕೆ ಬರುತ್ತದೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಇದೆ ಅಂದುಕೊಳ್ಳಿ, ಅವರ ಎರಕದಲ್ಲಿ ಬ್ಲೋ ಹೋಲ್ (ಒಳಗೆ ಅನಿಲ ಸಿಕ್ಕಿ ಆಗುವ ತೂತು) ಜಾಸ್ತಿ ಬರುತ್ತಿದೆ, ರಿಜೆಕ್ಷನ್ ತಲೆನೋವಾಗಿದೆ. ಈ ಫೌಂಡ್ರಿ ನನ್ನ ಕಲ್ಪನೆ. ಸಮಸ್ಯೆ ಮಾತ್ರ ಯಾವ ಫೌಂಡ್ರಿಗೆ ಹೋದರೂ ಸಿಗುತ್ತದೆ.

ಹೆಜ್ಜೆ 1: ಬರುವ ದುಡ್ಡು ಯಾವ ಜಾತಿಯದು ಅಂತ ಮೊದಲು ತಿಳಿದುಕೊಳ್ಳಿ

ಕಂಪನಿಯಿಂದ ಬರುವ ದುಡ್ಡೆಲ್ಲ ಒಂದೇ ಅಲ್ಲ. ಇಲ್ಲಿ ಎಡವಿದರೆ ಮುಂದಿನ ಕಾಗದಗಳೆಲ್ಲ ತಪ್ಪುತ್ತವೆ.

ಕನ್ಸಲ್ಟೆನ್ಸಿ ಎಂದರೆ ಅವರ ಪ್ರಶ್ನೆಗೆ ನಿಮ್ಮ ಉತ್ತರ. "ಈ ಎರಕವನ್ನು ಟೆಸ್ಟ್ ಮಾಡಿ, ಯಾಕೆ ಒಡೆಯಿತು ಹೇಳಿ." ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ರಿಪೋರ್ಟ್ ಅವರದು, ಫೀಸು ನಿಮ್ಮದು, ಅದರಲ್ಲಿ ಒಂದು ಪಾಲು ಕಾಲೇಜಿಗೆ. ಪೇಪರ್ ಬರೆಯುವ ಮಾತು ಸಾಮಾನ್ಯವಾಗಿ ಬರುವುದಿಲ್ಲ.

ಸ್ಪಾನ್ಸರ್ಡ್ ರಿಸರ್ಚ್‌ನಲ್ಲಿ ಉತ್ತರ ಇಬ್ಬರಿಗೂ ಗೊತ್ತಿರುವುದಿಲ್ಲ. ಒಂದೆರಡು ವರ್ಷ, ಒಬ್ಬ ರಿಸರ್ಚ್ ಫೆಲೊ, ಒಂದಿಷ್ಟು ಉಪಕರಣ. ಫಲಿತಾಂಶ ಯಾರದು ಎಂಬುದನ್ನು ಮಾತಾಡಿ ಬರೆದುಕೊಳ್ಳಬೇಕು. ಈ ಬರಹ ಬಹುಪಾಲು ಇದರ ಬಗ್ಗೆಯೇ.

ಮೂರನೆಯದು, ಕಂಪನಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಖರ್ಚು ಹೊರುವುದು. 2012ರಲ್ಲಿ ಶುರುವಾದ ಪ್ರಧಾನಮಂತ್ರಿ ಡಾಕ್ಟೋರಲ್ ಫೆಲೊಶಿಪ್ ಇದಕ್ಕೆ ಒಳ್ಳೆ ಮಾದರಿ: ಫೆಲೊಶಿಪ್‌ನ ಅರ್ಧ ಸರ್ಕಾರದ್ದು, ಇನ್ನರ್ಧ ಪಾಲುದಾರ ಕಂಪನಿಯದ್ದು, ವಿದ್ಯಾರ್ಥಿಗೆ ಕಾಲೇಜಿನಲ್ಲಿ ಒಬ್ಬ ಗೈಡ್, ಕಂಪನಿಯಲ್ಲಿ ಒಬ್ಬ ಮೆಂಟರ್. ಅರ್ಜಿ ಹಾಕುವ ಮೊದಲು ಈಗ ಯಾವ ಷರತ್ತುಗಳಿವೆ ನೋಡಿಕೊಳ್ಳಿ.

ನಾಲ್ಕನೆಯದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು. ಇದರ ಬಗ್ಗೆ ಇರುವಷ್ಟು ಗೊಂದಲ ಬೇರೆ ಯಾವುದರಲ್ಲೂ ಇಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಆಸ್ತಿ 500 ಕೋಟಿ, ಅಥವಾ ವಹಿವಾಟು 1000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಸರ್ಕಾರಿ ದುಡ್ಡಿನಲ್ಲಿ ನಡೆಯುವ ವಿಶ್ವವಿದ್ಯಾಲಯ, ಐಐಟಿ, ರಾಷ್ಟ್ರೀಯ ಪ್ರಯೋಗಾಲಯಗಳ ಸಂಶೋಧನೆಗೆ ಕೊಟ್ಟರೆ ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಕಂಪನಿಯ ಮಾಮೂಲಿ ವ್ಯಾಪಾರಕ್ಕೆ ಸೇರಿದ ಕೆಲಸ ಸಿಎಸ್‌ಆರ್ ಆಗುವುದಿಲ್ಲ. ಅಂದರೆ ನಮ್ಮ ಫೌಂಡ್ರಿ ತನ್ನದೇ ಬ್ಲೋ ಹೋಲ್ ಸರಿಪಡಿಸಿಕೊಳ್ಳಲು ಸಿಎಸ್‌ಆರ್ ದುಡ್ಡು ಕೊಡುವಂತಿಲ್ಲ. ಕಂಪನಿಯವರು "ಸಿಎಸ್‌ಆರ್‌ನಿಂದ ಕೊಡ್ತೀವಿ ಸಾರ್, ಪೇಟೆಂಟ್ ಮಾತ್ರ ನಮಗೆ" ಎಂದರೆ ಅಲ್ಲೇ ನಿಲ್ಲಿಸಿ ಕಾಲೇಜಿನ ಲೆಕ್ಕಪತ್ರದವರನ್ನು ಕರೆಯಿರಿ. ಖಾಸಗಿ ಕಾಲೇಜಿನವರು ಇನ್ನೂ ಹುಷಾರು: ಆ ಸಂಶೋಧನೆಯ ಬಾಬ್ತು ಸರ್ಕಾರಿ ದುಡ್ಡಿನ ಸಂಸ್ಥೆಗಳಿಗೆ, ಎಲ್ಲರಿಗೂ ಅಲ್ಲ.

ಇವುಗಳ ಮೇಲೆ ದೊಡ್ಡ ಬಗೆಯವೂ ಇವೆ. ಬೆಂಗಳೂರಿನ ಐಐಎಸ್ಸಿಯಲ್ಲಿ 2011ರಲ್ಲಿ ಬಾಷ್ ನೆರವಿನಿಂದ ಸೈಬರ್-ಫಿಸಿಕಲ್ ಸಿಸ್ಟಮ್ಸ್‌ಗೆ ಒಂದು ಕೇಂದ್ರವೇ ಶುರುವಾಯಿತು. ಚಾಲಕನಿಲ್ಲದ ಕಾರಿನ ಮೇಲೆ ವಿಪ್ರೊ, ಐಐಎಸ್ಸಿ, ಆರ್.ವಿ. ಕಾಲೇಜು ಸೇರಿ ಕೆಲಸ ಮಾಡಿವೆ. ಅಲ್ಲಿಗೆ ಹೋಗುವುದು ಆಮೇಲೆ. ಮೊದಲ ಪ್ರಾಜೆಕ್ಟ್ ಸಣ್ಣದಿರಲಿ.

ಹೆಜ್ಜೆ 2: ಕಂಪನಿಯ ಒಳಗೆ ಒಬ್ಬ ಮನುಷ್ಯನನ್ನು ಹುಡುಕಿ

ಎಂಡಿ ಬೇಡ, ಎಚ್‌ಆರ್ ಅಂತೂ ಬೇಡವೇ ಬೇಡ. ಸಮಸ್ಯೆಯಿಂದ ದಿನಾ ಬೈಸಿಕೊಳ್ಳುವವರು ಯಾರು, ಅವರು ಬೇಕು. ಫೌಂಡ್ರಿಯಲ್ಲಾದರೆ ಕ್ವಾಲಿಟಿ ನೋಡುವವರು ಅಥವಾ ಅಚ್ಚಿನ ಮರಳು ಸಿದ್ಧಮಾಡುವ ಸ್ಯಾಂಡ್ ಪ್ಲಾಂಟ್‌ನ ಇನ್‌ಚಾರ್ಜ್. ನಾನು ನೋಡಿದ ಪ್ರಾಜೆಕ್ಟುಗಳಲ್ಲಿ ದುಡ್ಡು ಸಾಲದೆ ನಿಂತದ್ದು ಕಡಿಮೆ. ಕಂಪನಿ ಕಡೆಯಿಂದ ಫೋನ್ ಎತ್ತುವವರೇ ಇಲ್ಲದೆ ನಿಂತದ್ದು ಜಾಸ್ತಿ. ಹತ್ತು ಲಕ್ಷ ಕಡಿಮೆ ಕೊಟ್ಟರೂ ಪರವಾಗಿಲ್ಲ, ವಾರಕ್ಕೆ ಎರಡು ಗಂಟೆ ಕೊಡುವ ಒಬ್ಬ ಎಂಜಿನಿಯರ್ ಇದ್ದರೆ ಆ ಪ್ರಾಜೆಕ್ಟ್ ಹಿಡಿಯಿರಿ.

ಇಂಥವರು ಎಲ್ಲಿ ಸಿಗುತ್ತಾರೆ? ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ. ಐದಾರು ವರ್ಷದ ಹಿಂದೆ ನಿಮ್ಮ ಹತ್ತಿರ ಪ್ರಾಜೆಕ್ಟ್ ಮಾಡಿದ ಹುಡುಗಿ ಈಗ ಪ್ರೊಡಕ್ಷನ್‌ನಲ್ಲಿದ್ದಾಳೆ ಅಂದರೆ ಬೇರೆ ಕಡೆ ಹುಡುಕಬೇಡಿ. ಇನ್ನೊಂದು ದಾರಿ ಅಂತಿಮ ವರ್ಷದ ಪ್ರಾಜೆಕ್ಟ್. ಮೊದಲ ವರ್ಷ ಇಬ್ಬರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿ ಸಣ್ಣದೊಂದು ಕೆಲಸ ಮಾಡಿಸಿ. ಅದಕ್ಕೆ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೂ ಅರ್ಜಿ ಹಾಕಬಹುದು. ವಿದ್ಯಾರ್ಥಿಗಳ ಕೆಲಸ ನೋಡಿದ ಮೇಲೆ ಕಂಪನಿಯವರೇ "ಮುಂದೇನು ಸಾರ್?" ಅಂತಾರೆ. ಮೊದಲ ಭೇಟಿಗೇ ಪವರ್‌ಪಾಯಿಂಟ್ ತೆಗೆದುಕೊಂಡು ಹೋಗಿ ನಮ್ಮ ವಿಭಾಗ ಹಾಗೆ, ನಮ್ಮ ಲ್ಯಾಬ್ ಹೀಗೆ ಅನ್ನುವುದನ್ನು ಬಿಟ್ಟು, ಸುಮ್ನೆ ಶಾಪ್ ಫ್ಲೋರ್ ಸುತ್ತಿ, ಕೇಳಿಸಿಕೊಂಡು ಬನ್ನಿ.

ಹೆಜ್ಜೆ 3: ಸಮಸ್ಯೆಯನ್ನು ಒಂದು ಪುಟದಲ್ಲಿ ಬರೆಯಿರಿ

ಕಂಪನಿ ಹೇಳುವುದು: "ರಿಜೆಕ್ಷನ್ ಕಡಿಮೆ ಮಾಡಿಕೊಡಿ." ಪ್ರೊಫೆಸರ್ ಬರೆಯುವುದು: "ಮಷೀನ್ ಲರ್ನಿಂಗ್ ಆಧಾರಿತ ಎರಕ ದೋಷಗಳ ಮುನ್ಸೂಚನೆ." ಎರಡೂ ಪ್ರಾಜೆಕ್ಟ್ ಅಲ್ಲ. ಮೊದಲನೆಯದು ಆಸೆ, ಎರಡನೆಯದು ಪೇಪರ್ ಶೀರ್ಷಿಕೆ.

ಮಧ್ಯದ ದಾರಿ ಹುಡುಕಲು ರಿಜೆಕ್ಷನ್ ರಿಜಿಸ್ಟರ್ ಕೇಳಿ. ಕೊಡುತ್ತಾರೆ, ಹಿಂಜರಿಯುವುದಿಲ್ಲ. ಅದನ್ನು ತೆರೆದರೆ ಹೀಗಿರುತ್ತದೆ: ಬೆಳಗಿನ ಪಾಳಿಯವರು "ಬ್ಲೋ ಹೋಲ್" ಅಂತ ಬರೆದದ್ದನ್ನೇ ರಾತ್ರಿ ಪಾಳಿಯವರು "ಪಿನ್ ಹೋಲ್" ಅಂತ ಬರೆದಿರುತ್ತಾರೆ, ಇನ್ನೊಬ್ಬರು ಎಲ್ಲಕ್ಕೂ ಸೇರಿಸಿ "ಸ್ಯಾಂಡ್" ಅಂತ ಒಂದೇ ಪದ ಹಾಕಿರುತ್ತಾರೆ. ಹೀಟ್ (ಒಂದು ಸಲಕ್ಕೆ ಕರಗಿಸಿದ ಲೋಹ) ನಂಬರ್ ಕೆಲವು ಪುಟದಲ್ಲಿ ಇದೆ, ಕೆಲವು ಪುಟದಲ್ಲಿ ಇಲ್ಲ. ಆ ದಿನ ಮರಳಿನ ತೇವ ಎಷ್ಟಿತ್ತು ಎಂಬುದು ಬೇರೆ ಪುಸ್ತಕದಲ್ಲಿದೆ, ಆ ಪುಸ್ತಕ ಬೇರೆ ಕೋಣೆಯಲ್ಲಿದೆ. ಇಂಥ ಡೇಟಾ ಮೇಲೆ ಯಾವ ಮಷೀನ್ ಲರ್ನಿಂಗ್ ಮಾಡಿದರೂ ಬರುವುದು ಕಸವೇ. ಹಾಗಾಗಿ ಪ್ರಾಜೆಕ್ಟಿನ ಮೊದಲ ಮೂರು ತಿಂಗಳ ಕೆಲಸ ತಾನಾಗಿಯೇ ಗೊತ್ತಾಯಿತು: ದೋಷಗಳಿಗೆ ಎಲ್ಲ ಪಾಳಿಯಲ್ಲೂ ಒಂದೇ ಹೆಸರು, ಫೋಟೊ ಇರುವ ಒಂದು ಚಾರ್ಟ್, ಪ್ರತಿ ಹೀಟ್‌ಗೂ ಮರಳಿನ ತೇವ, ಪರ್ಮಿಯಬಿಲಿಟಿ (ಅನಿಲ ಹಾಯಲು ಬಿಡುವ ಗುಣ), ಕಂಪ್ಯಾಕ್ಟಬಿಲಿಟಿಯ (ಒತ್ತಿದರೆ ಕುಗ್ಗುವ ಗುಣ) ಅಳತೆ.

ಒಂದು ಪುಟದಲ್ಲಿ ಇಷ್ಟಿರಲಿ. ಯಾವ ಭಾಗದ ಎರಕ, ಯಾವ ದೋಷ. ಈಗ ಎಷ್ಟಿದೆ ಎಂಬ ಅಂಕಿ, ಅದನ್ನು ಇಬ್ಬರೂ ಕೂತು ಎಣಿಸಿ ಒಪ್ಪಿದ್ದಿರಬೇಕು. ಎಷ್ಟಕ್ಕೆ ಇಳಿದರೆ ಕಂಪನಿಗೆ ಸಮಾಧಾನ. ಕಾರಣ ಏನಿರಬಹುದು ಎಂಬ ನಿಮ್ಮ ಊಹೆ: ಹಸಿ ಮರಳಿನಲ್ಲಿ ನೀರು ಜಾಸ್ತಿಯಾದರೆ ಬಿಸಿ ಲೋಹ ಬಿದ್ದಾಗ ಆವಿ ಏಳುತ್ತದೆ, ಅದು ಹೊರಗೆ ಹೋಗಲು ದಾರಿ ಸಿಗದಿದ್ದರೆ ಎರಕದೊಳಗೇ ಉಳಿಯುತ್ತದೆ. ಕೊನೆಗೆ, ಈ ಪ್ರಾಜೆಕ್ಟಿನಲ್ಲಿ ಏನು ಮಾಡುವುದಿಲ್ಲ ಎಂಬುದು. ಈ ಕೊನೆಯ ಸಾಲನ್ನು ಬಿಡಬೇಡಿ. "ಹೊಸ ಸ್ಯಾಂಡ್ ಪ್ಲಾಂಟ್ ವಿನ್ಯಾಸ ಇದರಲ್ಲಿ ಇಲ್ಲ" ಅಂತ ಮೊದಲೇ ಬರೆದಿದ್ದರೆ ಹತ್ತನೇ ತಿಂಗಳಲ್ಲಿ ಜಗಳ ಇರುವುದಿಲ್ಲ.

ಇನ್ನೊಂದು ಮಾತು, ಬೆಳಗಾವಿಯ ಮಳೆಗಾಲ ಗೊತ್ತಲ್ವಾ? ಜನವರಿಯಲ್ಲಿ ಶುರು ಮಾಡಿ ಮೇ ತಿಂಗಳಲ್ಲಿ "ರಿಜೆಕ್ಷನ್ ಇಳಿಯಿತು" ಎಂದು ರಿಪೋರ್ಟ್ ಕೊಟ್ಟರೆ ಜುಲೈನಲ್ಲಿ ಮರಳಿನ ತೇವ ಏರಿ ಮಾನ ಹೋಗುತ್ತದೆ. ಪ್ರಾಜೆಕ್ಟ್ ಕನಿಷ್ಠ ಒಂದು ಮಳೆಗಾಲ ದಾಟಬೇಕು. ಅವಧಿ 24 ತಿಂಗಳು ಎಂದು ಹಾಕುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ, ಕಂಪನಿಯವರಿಗೂ ಇದು ತಕ್ಷಣ ಅರ್ಥವಾಗುತ್ತದೆ.

ಹೆಜ್ಜೆ 4: ಬಜೆಟ್

ಇಲ್ಲಿ ಸಂಕೋಚ ಬೇಡ. ಎಷ್ಟೋ ಜನ ಕಂಪನಿ ಹೆದರಿಬಿಡುತ್ತದೆ ಎಂದು ಕಡಿಮೆ ಬರೆದು, ಆಮೇಲೆ ಸ್ಯಾಂಪಲ್ ಟೆಸ್ಟಿಂಗ್‌ಗೆ ಕೈಯಿಂದ ಹಾಕುತ್ತಾರೆ.

ಲೆಕ್ಕ ಹೀಗೆ ಹಾಕಿ. 2023ರ ಜನವರಿಯಿಂದ ಕೇಂದ್ರ ಸರ್ಕಾರದ ದರದಲ್ಲಿ ಜೂನಿಯರ್ ರಿಸರ್ಚ್ ಫೆಲೊಗೆ ತಿಂಗಳಿಗೆ 37,000 ರೂ., ಸೀನಿಯರ್‌ಗೆ 42,000, ಮನೆಬಾಡಿಗೆ ಭತ್ಯೆ ಬೇರೆ. ಭತ್ಯೆ ಊರಿನ ಮೇಲೆ ಹೋಗುತ್ತದೆ. ಬೆಂಗಳೂರಿನ ಹಾಗೆ ಶೇ. 30 ಎಂದು ಹಿಡಿದರೆ ತಿಂಗಳಿಗೆ 48,100, ಇಪ್ಪತ್ನಾಲ್ಕು ತಿಂಗಳಿಗೆ 11,54,400. ಉಪಕರಣಕ್ಕೆ 6 ಲಕ್ಷ, ಸ್ಯಾಂಪಲ್ ಮತ್ತು ಟೆಸ್ಟಿಂಗ್‌ಗೆ 3 ಲಕ್ಷ, ಓಡಾಟಕ್ಕೆ 1 ಲಕ್ಷ, ಇತರೆ 75 ಸಾವಿರ ಎಂದಿಟ್ಟುಕೊಳ್ಳಿ. ಒಟ್ಟು 22,29,400.

ಈಗ ಓವರ್‌ಹೆಡ್. ಕಾಲೇಜು ಕರೆಂಟು, ಕಟ್ಟಡ, ಲೆಕ್ಕಪತ್ರ ಅಂತ ಒಂದು ಪಾಲು ತೆಗೆದುಕೊಳ್ಳುತ್ತದೆ. ಶೇ. 20 ಎಂದುಕೊಳ್ಳಿ. ಖರ್ಚಿನ ಮೇಲೆ ಶೇ. 20 ಅಂದರೆ ಒಟ್ಟು 26,75,280. ಆದರೆ ಕೆಲವು ಕಡೆ ಬಂದ ಒಟ್ಟು ದುಡ್ಡಿನಲ್ಲಿ ಶೇ. 20 ಮುರಿದುಕೊಳ್ಳುತ್ತಾರೆ. ಹಾಗಾದರೆ ನೀವು ಕೇಳಬೇಕಾದದ್ದು 27,86,750. ವ್ಯತ್ಯಾಸ 1,11,470 ರೂಪಾಯಿ, ಅಂದರೆ ಫೆಲೊನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ನಿಮ್ಮ ಕಾಲೇಜಿನ ನಿಯಮ ಯಾವುದು ಅಂತ ಅಕೌಂಟ್ಸ್‌ನವರನ್ನು ಕೇಳಿ, ಬಾಯಿ ಮಾತಿನಲ್ಲಿ ಬೇಡ, ಸರ್ಕ್ಯುಲರ್ ನೋಡಿ.

ಆಮೇಲೆ ಜಿಎಸ್‌ಟಿ. ಕನ್ಸಲ್ಟೆನ್ಸಿಗೆ ಶೇ. 18 ಬೀಳುತ್ತದೆ. ಸಂಶೋಧನಾ ಗ್ರಾಂಟ್‌ಗಳ ವಿಷಯದಲ್ಲಿ ಬಹಳ ದಿನ ಎಳೆದಾಟ ನಡೆದು, ದೊಡ್ಡ ದೊಡ್ಡ ಸಂಸ್ಥೆಗಳಿಗೇ ನೋಟಿಸ್ ಹೋಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ತೀರ್ಮಾನಿಸಿ, ಅಕ್ಟೋಬರ್ 10ರಿಂದ ಸರ್ಕಾರಿ ಸಂಸ್ಥೆಗಳು ಮತ್ತು 1961ರ ಆದಾಯ ತೆರಿಗೆ ಕಾಯ್ದೆಯ 35ನೇ ಸೆಕ್ಷನ್ ಅಡಿ ನೋಟಿಫೈ ಆದ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳು ಗ್ರಾಂಟ್ ಪಡೆದು ಮಾಡುವ ಸಂಶೋಧನೆಗೆ ವಿನಾಯಿತಿ ಬಂತು, ಅದು ಸರ್ಕಾರಿ ಗ್ರಾಂಟ್ ಇರಲಿ ಖಾಸಗಿ ಇರಲಿ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ? ಇಲ್ಲದಿದ್ದರೆ 26,75,280ರ ಮೇಲೆ ಇನ್ನೂ 4.8 ಲಕ್ಷದಷ್ಟು ಸೇರಿಸಿ ಬರೆಯಿರಿ. ಕಂಪನಿಯವರಿಗೆ ಇದು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ (ಅವರು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತ) ಆಗುತ್ತದೆ, ಅವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರಪೋಸಲ್‌ನಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂಬ ಎರಡು ಪದ ಬಿಟ್ಟುಹೋದರೆ ಮಾತ್ರ ಅದು ನಿಮ್ಮ ಬಜೆಟ್‌ನಿಂದಲೇ ಹೋಗುತ್ತದೆ.

ಕಂಪನಿಯ ಫೈನಾನ್ಸ್‌ನವರು "ನಮಗೆ ತೆರಿಗೆಯಲ್ಲಿ ಏನು ಲಾಭ?" ಎಂದು ಕೇಳುತ್ತಾರೆ. ಒಂದು ಕಾಲದಲ್ಲಿ ಸಂಶೋಧನಾ ಸಂಸ್ಥೆಗೆ 100 ರೂಪಾಯಿ ಕೊಟ್ಟರೆ 175 ಕೊಟ್ಟಂತೆ ಲೆಕ್ಕ ಹಾಕಿಕೊಳ್ಳಬಹುದಿತ್ತು. ಆಮೇಲೆ 150 ಆಯಿತು, 2020ರ ಏಪ್ರಿಲ್‌ನಿಂದ ಬರೀ 100. ಶೇ. 22ರ ಕಡಿಮೆ ದರದ ತೆರಿಗೆ ಆರಿಸಿಕೊಂಡ ಕಂಪನಿಗೆ ಅಂಥ ದೇಣಿಗೆಯ ವಿನಾಯಿತಿಯೂ ಇಲ್ಲ. ಹಳೇ ಬ್ರೋಷರ್ ನೋಡಿ 175ರ ಕಥೆ ಹೇಳಬೇಡಿ, ಅವರ ಸಿಎ ನಗುತ್ತಾರೆ.

ಹೆಜ್ಜೆ 5: ಒಪ್ಪಂದ (ನಿಧಾನವಾಗಿ ಓದಿ)

ಸಹಿ ಮಾಡುವವರು ನೀವಲ್ಲ. ಎಚ್‌ಒಡಿಯೂ ಅಲ್ಲ. ವಿಶ್ವವಿದ್ಯಾಲಯವಾದರೆ ರಿಜಿಸ್ಟ್ರಾರ್ ಅಥವಾ ಆ ಅಧಿಕಾರ ಪಡೆದ ಡೀನ್, ಕಾಲೇಜಾದರೆ ಪ್ರಿನ್ಸಿಪಾಲರು ಅಥವಾ ಆಡಳಿತ ಮಂಡಳಿ ಹೇಳಿದವರು. ಐಐಟಿ ಮದ್ರಾಸ್‌ನ ಐಸಿಎಸ್‌ಆರ್ ಥರ ಇಂಥ ಪ್ರಾಜೆಕ್ಟುಗಳಿಗೇ ಬೇರೆ ಕಚೇರಿ ಇರುವ ಕಡೆ ಕರಡೂ ಅವರ ಹತ್ತಿರವೇ ಇರುತ್ತದೆ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಕಂಪನಿಯ ವಕೀಲರು ಕಳಿಸಿದ್ದೇ ಕರಡು. ಅದು ಅವರ ಸಪ್ಲೈಯರ್‌ಗೆ ಬರೆದದ್ದಾಗಿರುತ್ತದೆ. ನಟ್ಟು ಬೋಲ್ಟು ಸಪ್ಲೈ ಮಾಡುವವರಿಗೆ ಹಾಕುವ "ಇಷ್ಟು ದಿನದಲ್ಲಿ ಕೊಡದಿದ್ದರೆ ದಂಡ" ಎಂಬ ಷರತ್ತು ಸಂಶೋಧನೆಗೆ ಹೇಗೆ ಹೊಂದುತ್ತದೆ? ಅದನ್ನು ತೆಗೆಸಿ. "ಫಲಿತಾಂಶ ಖಚಿತ" ಎಂಬರ್ಥದ ಸಾಲು ಎಲ್ಲಿದ್ದರೂ ಹೊಡೆದು, "ಒಳ್ಳೆಯ ಪ್ರಯತ್ನ ಮಾಡಲಾಗುವುದು" ಎಂದು ಬರೆಸಿ.

ಪೇಟೆಂಟ್ ವಿಷಯಕ್ಕೆ ಬಂದಾಗ ಇಬ್ಬರಿಗೂ ದಣಿವಾಗಿರುತ್ತದೆ, "ಜಂಟಿ ಇಟ್ಟುಬಿಡೋಣ, ಫಿಫ್ಟಿ ಫಿಫ್ಟಿ" ಎಂದು ಮುಗಿಸುತ್ತಾರೆ. ಕೇಳಲು ನ್ಯಾಯವಾಗಿದೆ. ಆದರೆ ನಮ್ಮ 1970ರ ಪೇಟೆಂಟ್ ಕಾಯ್ದೆಯ 50ನೇ ಸೆಕ್ಷನ್ ಓದಿ. ಬೇರೆ ಒಪ್ಪಂದ ಇಲ್ಲದಿದ್ದರೆ, ಜಂಟಿ ಮಾಲೀಕರಲ್ಲಿ ಯಾರು ಬೇಕಾದರೂ ಆ ಆವಿಷ್ಕಾರವನ್ನು ತಮ್ಮ ಲಾಭಕ್ಕೆ ಬಳಸಬಹುದು, ಇನ್ನೊಬ್ಬರಿಗೆ ಲೆಕ್ಕ ಕೊಡಬೇಕಿಲ್ಲ. ಮೂರನೆಯವರಿಗೆ ಲೈಸೆನ್ಸ್ ಕೊಡಬೇಕಾದರೆ ಅಥವಾ ತಮ್ಮ ಪಾಲು ವರ್ಗಾಯಿಸಬೇಕಾದರೆ ಮಾತ್ರ ಇನ್ನೊಬ್ಬರ ಒಪ್ಪಿಗೆ ಬೇಕು. ಈಗ ಯೋಚಿಸಿ: ಕಾರ್ಖಾನೆ ಇರುವುದು ಕಂಪನಿಗೆ, ಅವರು ಬಳಸಿಕೊಳ್ಳುತ್ತಾರೆ. ಕಾಲೇಜಿಗೆ ಕಾರ್ಖಾನೆ ಇಲ್ಲ, ಬೇರೆಯವರಿಗೆ ಲೈಸೆನ್ಸ್ ಕೊಟ್ಟರಷ್ಟೇ ದುಡ್ಡು, ಅದಕ್ಕೆ ಕಂಪನಿಯ ಅಪ್ಪಣೆ ಬೇಕು. ಅಂದರೆ ಜಂಟಿ ಎನ್ನುವುದು ಕಾಲೇಜಿಗೆ ಫ್ರೇಮ್ ಹಾಕಿಸಿದ ಸರ್ಟಿಫಿಕೇಟ್ ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇದೆ: ಕಾಲೇಜು ಮಾಲೀಕ, ಕಂಪನಿಗೆ ತನ್ನ ಕ್ಷೇತ್ರದಲ್ಲಿ ಬಳಸುವ ಹಕ್ಕು, ಬೇಕಿದ್ದರೆ ಒಂದಿಷ್ಟು ವರ್ಷ ಬೇರೆ ಯಾರಿಗೂ ಇಲ್ಲದ ಹಾಗೆ. ಫೌಂಡ್ರಿಗೆ ಬೇಕಿರುವುದು ಅಷ್ಟೇ. ಅದೇ ಸಂಗತಿ ಸಿಮೆಂಟಿಗೋ ಸಿರಾಮಿಕ್ಸಿಗೋ ಉಪಯೋಗವಾದರೆ ಕಾಲೇಜು ಬೇರೆಯವರ ಹತ್ತಿರ ಹೋಗಬಹುದು. ಕಂಪನಿ ಪೂರ್ತಿ ದುಡ್ಡು ಹಾಕಿ ಪೂರ್ತಿ ಹಕ್ಕು ಕೇಳಿದರೆ ಅದೂ ತಪ್ಪಲ್ಲ, ಆದರೆ ಬೆಲೆ ಅದಕ್ಕೆ ತಕ್ಕಂತೆ ಇರಲಿ. ಪ್ರಾಜೆಕ್ಟಿಗೆ ಮೊದಲೇ ನಿಮ್ಮ ಹತ್ತಿರ ಇದ್ದ ಕೋಡ್, ವಿಧಾನ, ವಿನ್ಯಾಸಗಳ ಪಟ್ಟಿ ಒಪ್ಪಂದದ ಕೊನೆಗೆ ಲಗತ್ತಿಸಿ, ಅವು ನಿಮ್ಮವೇ ಎಂದು ಬರೆಸಿ. ವಿದ್ಯಾರ್ಥಿಗಳು ಕಾಲೇಜಿನ ನೌಕರರಲ್ಲ, ಅವರ ಕೈಯಿಂದ ಹಕ್ಕಿನ ಪತ್ರ ಶುರುವಿನಲ್ಲೇ ಬರೆಸಿಕೊಳ್ಳಬೇಕು, ಅದರಲ್ಲಿ ಏನಿದೆ ಎಂದು ಅವರಿಗೆ ಬಿಡಿಸಿ ಹೇಳಿ. ಪೇಟೆಂಟ್ ಖರ್ಚು ಅಂತ ಹೆದರುವವರಿಗೆ: 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಫೀಸಿನಲ್ಲಿ ಶೇ. 80 ರಿಯಾಯಿತಿ ಇದೆ. ವಕೀಲರ ಫೀಸಿಗೆ ರಿಯಾಯಿತಿ ಇಲ್ಲ, ಅದನ್ನು ಬಜೆಟ್‌ನಲ್ಲಿ ಹಾಕಿ.

ಇದಕ್ಕಿಂತ ಗಂಭೀರವಾದದ್ದು ಪ್ರಕಟಣೆ. ಕಂಪನಿಯ ಎನ್‌ಡಿಎ (ಗುಟ್ಟು ಕಾಯುವ ಒಪ್ಪಂದ) ಹೇಳುತ್ತದೆ: ಯಾವುದನ್ನೂ ಹೊರಗೆ ಹೇಳುವಂತಿಲ್ಲ. ಯುಜಿಸಿ ನಿಯಮ ಹೇಳುತ್ತದೆ: ಪಿಎಚ್‌ಡಿ ಪ್ರಬಂಧವನ್ನು ಇನ್‌ಫ್ಲಿಬ್‌ನೆಟ್‌ಗೆ ಕೊಡಬೇಕು, ಅಂದರೆ ಅದು ಅವರ ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಎಲ್ಲರಿಗೂ ಕಾಣುತ್ತದೆ. ವೈವಾ ಕೂಡ ತೆರೆದ ಬಾಗಿಲಿನದು. ನಡುವೆ ಸಿಕ್ಕಿಕೊಳ್ಳುವವರು ಯಾರು? ನಾಲ್ಕು ವರ್ಷ ದುಡಿದ ವಿದ್ಯಾರ್ಥಿ. ಹಾಗಾಗಿ ದುಡ್ಡಿನ ಮಾತಿಗೂ ಮೊದಲು ಇದನ್ನು ಬರೆದುಕೊಳ್ಳಿ: ಪೇಪರ್ ಅಥವಾ ಪ್ರಬಂಧದ ಕರಡನ್ನು ಕಂಪನಿಗೆ ಕಳಿಸುತ್ತೇವೆ, ಅವರು 30 ದಿನದಲ್ಲಿ ಓದಿ ತಮ್ಮ ಗುಟ್ಟಿನ ಅಂಕಿಗಳು ಎಲ್ಲಿವೆ ತೋರಿಸಬೇಕು, ಪೇಟೆಂಟ್ ಹಾಕಬೇಕಿದ್ದರೆ ಇನ್ನೂ 60 ದಿನ, ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಕೊನೆಯ ತುಂಡು ಬಹಳ ಮುಖ್ಯ. ಪ್ರಬಂಧವನ್ನು ತಡೆಯುವ ಹಕ್ಕು ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಗ್ರಾಹಕರ ಹೆಸರು, ಬೆಲೆ, ನಿಖರ ಮಿಶ್ರಣ ಇವನ್ನು ತೆಗೆಯಲು ಯಾರಿಗೂ ತಕರಾರಿರುವುದಿಲ್ಲ. ಪ್ರಕಟಿಸುವ ಮೊದಲು ಪೇಟೆಂಟ್ ಅರ್ಜಿ ಹಾಕಿರಬೇಕು ಅನ್ನುವುದು ನೆನಪಿರಲಿ. ಪೂರ್ತಿ ಸಿದ್ಧವಿಲ್ಲದಿದ್ದರೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, ಪೂರ್ಣ ಅರ್ಜಿಗೆ 12 ತಿಂಗಳು ಸಿಗುತ್ತದೆ.

ಹೆಜ್ಜೆ 6: ದುಡ್ಡು ಖಾತೆಗೆ ಬರುವ ತನಕ

ಒಪ್ಪಂದಕ್ಕೆ ಸಹಿ ಬಿತ್ತು ಎಂದರೆ ದುಡ್ಡು ಬಂತು ಎಂದಲ್ಲ. ಕಂಪನಿಯ ಸಿಸ್ಟಮ್‌ನಲ್ಲಿ ಕಾಲೇಜು ಒಬ್ಬ ವೆಂಡರ್. ಪ್ಯಾನ್, ಜಿಎಸ್‌ಟಿ ನಂಬರ್, ರದ್ದು ಮಾಡಿದ ಚೆಕ್ಕು ಕೊಟ್ಟು ನೋಂದಾಯಿಸಬೇಕು, ಆಮೇಲೆ ಪಿಒ (ಖರೀದಿ ಆದೇಶ), ಆಮೇಲೆ ನಿಮ್ಮ ಇನ್‌ವಾಯ್ಸ್, ಆಮೇಲೆ ಅವರ 45 ಅಥವಾ 60 ದಿನ. ಇತ್ತ ಕಾಲೇಜು ದುಡ್ಡು ಬರದೆ ಫೆಲೊ ನೇಮಕದ ಜಾಹೀರಾತು ಕೊಡುವುದಿಲ್ಲ. ಮಾರ್ಚ್ 31ಕ್ಕೆ ಕಂಪನಿಯ ಆ ವರ್ಷದ ಬಜೆಟ್ ಮುಗಿದುಹೋಗುತ್ತದೆ. ಇದನ್ನೆಲ್ಲ ಕೂಡಿಸಿ ನೋಡಿದರೆ ಮಾತುಕತೆ ಆಗಸ್ಟ್ ಹೊತ್ತಿಗೆ ಶುರುವಾಗಬೇಕು. ಜನವರಿಯಲ್ಲಿ ಶುರು ಮಾಡಿದವರು ಏಪ್ರಿಲ್‌ನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಕಂತುಗಳನ್ನು ಕೆಲಸಕ್ಕೆ ಕಟ್ಟಿ, ಫಲಿತಾಂಶಕ್ಕೆ ಕಟ್ಟಬೇಡಿ. ಶುರುವಿಗೆ ಶೇ. 40, ಡೇಟಾ ವ್ಯವಸ್ಥೆ ನಿಂತಾಗ 30, ಮಳೆಗಾಲದ ಟ್ರಯಲ್ ಮುಗಿದಾಗ 20, ಅಂತಿಮ ವರದಿಗೆ 10. "ರಿಜೆಕ್ಷನ್ ಅರ್ಧಕ್ಕೆ ಇಳಿದರೆ 30" ಎಂದು ಒಪ್ಪಿಕೊಂಡರೆ ಅವರ ಫರ್ನೇಸ್ ಕೆಟ್ಟರೂ ನಿಮ್ಮ ದುಡ್ಡು ನಿಲ್ಲುತ್ತದೆ. ಕೊನೆಯ ಕಂತು ಸಣ್ಣದಿರಲಿ, ಫೆಲೊನ ಸಂಬಳ ಅದರ ಮೇಲೆ ನಿಂತಿರಬಾರದು.

ಸರ್ಕಾರಿ ಸಂಸ್ಥೆಯಾದರೆ ಉಪಕರಣ ಖರೀದಿಗೆ ಸರ್ಕಾರದ ಜೆಮ್ ಪೋರ್ಟಲ್, ಕೊಟೇಶನ್, ಕಮಿಟಿ ಎಲ್ಲ ಇರುತ್ತದೆ. ಮೂರು ತಿಂಗಳು ಅದಕ್ಕೇ ಹೋಗುತ್ತದೆ ಎಂದು ಯೋಜನೆ ಹಾಕಿ. ಅಷ್ಟರಲ್ಲಿ ರಿಜಿಸ್ಟರ್ ಕೆಲಸ ನಡೆಯುತ್ತಿರಲಿ, ಅದಕ್ಕೆ ಉಪಕರಣ ಬೇಕಿಲ್ಲ.

ಹೆಜ್ಜೆ 7: ನಡೆಸುವುದು

ಅಮೆರಿಕದಲ್ಲಿ ಚಿಪ್ ಕಂಪನಿಗಳು ಸೇರಿ 1982ರಲ್ಲಿ ಸೆಮಿಕಂಡಕ್ಟರ್ ರಿಸರ್ಚ್ ಕಾರ್ಪೊರೇಷನ್ ಕಟ್ಟಿಕೊಂಡವು, ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ದುಡ್ಡು ಹಾಕುವುದಕ್ಕೆ. ಅಲ್ಲಿ ನನಗೆ ಹಿಡಿಸಿದ ಸಂಗತಿ ಅಂದರೆ ಪ್ರಾಜೆಕ್ಟುಗಳ ಜೊತೆ ಸದಸ್ಯ ಕಂಪನಿಗಳ ಎಂಜಿನಿಯರುಗಳನ್ನು ಜೋಡಿಸುತ್ತಾರೆ, ವಿದ್ಯಾರ್ಥಿ ನೇರವಾಗಿ ಅವರ ಜೊತೆ ಮಾತಾಡುತ್ತಾನೆ. ನಮ್ಮಲ್ಲಿ ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಒಪ್ಪಂದದಲ್ಲಿ ಕಂಪನಿಯ ಎಂಜಿನಿಯರ್ ಯಾರು, ಅವರು ವಾರಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಅವರು ರಜೆಯಲ್ಲಿದ್ದರೆ ಯಾರು ಎಂದು ಹೆಸರು ಸಮೇತ ಬರೆದರೆ ಸಾಕು.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಫೋನ್: ವಿದ್ಯಾರ್ಥಿ ಮತ್ತು ಎಂಜಿನಿಯರ್, ಪ್ರೊಫೆಸರ್ ಇರಲೇಬೇಕೆಂದಿಲ್ಲ. ತಿಂಗಳಿಗೊಮ್ಮೆ ಮೂವರೂ ಕೂತು ಅಂಕಿ ನೋಡುವುದು, ಇದು ಶಾಪ್ ಫ್ಲೋರ್‌ನಲ್ಲಿ ಆಗಲಿ, ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಬೇಡ. ಮೂರು ತಿಂಗಳಿಗೊಮ್ಮೆ ದುಡ್ಡು ಕೊಟ್ಟವರ ಎದುರು, ಹದಿನೈದು ನಿಮಿಷ, ಮೂರೇ ಸ್ಲೈಡು: ಏನು ಮಾಡುತ್ತೇವೆ ಅಂದಿದ್ದೆವು, ಏನಾಯಿತು, ನಿಮ್ಮಿಂದ ಏನು ಬೇಕು. ಮಾತಾಡಿದ್ದನ್ನು ಅದೇ ದಿನ ನಾಲ್ಕು ಸಾಲಿನ ಮೇಲ್ ಮಾಡಿ. ವಾಟ್ಸಾಪ್‌ನಲ್ಲಿ "ಓಕೆ ಸಾರ್" ಅಂದದ್ದನ್ನು ಆಡಿಟರ್ ಒಪ್ಪುವುದಿಲ್ಲ.

ಮಾರ್ಗದರ್ಶನ ಎಲ್ಲಿಗೆ ನಿಲ್ಲಬೇಕು ಎಂಬುದಕ್ಕೂ ಒಂದು ಗೆರೆ ಬೇಕು. ಯಾವ ಭಾಗ ಮೊದಲು ನೋಡಬೇಕು, ಯಾವ ಟ್ರಯಲ್‌ಗೆ ಲೈನ್ ಬಿಟ್ಟುಕೊಡಬಹುದು, ಯಾವ ಪರಿಹಾರ ಎಷ್ಟು ದುಬಾರಿ ಎಂಬುದನ್ನು ಕಂಪನಿಯವರು ಹೇಳಲಿ, ಅವರಿಗೇ ಚೆನ್ನಾಗಿ ಗೊತ್ತು. ಫಲಿತಾಂಶ ಏನು ಬರಬೇಕು ಎಂದು ಅವರು ಹೇಳುವಂತಿಲ್ಲ. "ಆ ಸಪ್ಲೈಯರ್‌ನ ಬೆಂಟೊನೈಟ್ ಚೆನ್ನಾಗಿಲ್ಲ ಅಂತ ಬರೆದುಕೊಡಿ ಸಾರ್" ಎಂದು ಕೇಳುವವರು ಇರುತ್ತಾರೆ (ಬೆಂಟೊನೈಟ್ ಅಂದರೆ ಮರಳಿಗೆ ಬೆರೆಸುವ ಜೇಡಿ). ನಗುತ್ತಲೇ ಬೇಡ ಅನ್ನಿ. ಇನ್ನು ವಿದ್ಯಾರ್ಥಿಯನ್ನು ಪುಕ್ಕಟೆ ಸೂಪರ್‌ವೈಸರ್ ಮಾಡಿಕೊಳ್ಳುವುದು ಬಹಳ ಮಾಮೂಲು. ಪಾಳಿಯಲ್ಲಿ ಜನ ಕಡಿಮೆ ಇದ್ದಾಗ "ಸ್ವಲ್ಪ ನೋಡ್ಕೊಳ್ಳಪ್ಪ" ಅಂತ ಶುರುವಾಗಿ ಮೂರು ತಿಂಗಳಿಗೆ ಅವನೇ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿರುತ್ತಾನೆ. ಗೈಡ್ ಅಂದರೆ ಇದನ್ನು ತಡೆಯುವವರು, ಅದಕ್ಕೆ ನಿಷ್ಠುರ ಆದರೂ ಪರವಾಗಿಲ್ಲ.

ಹೆಜ್ಜೆ 8: ನಡುವೆ ಕೈಕೊಟ್ಟರೆ

ನಿಮ್ಮ ಎಂಜಿನಿಯರ್ ಕೆಲಸ ಬಿಟ್ಟು ಪುಣೆಗೆ ಹೋದರು. ಇದು ಆಗೇ ಆಗುತ್ತದೆ. ಹೊಸಬರಿಗೆ ಆ ಒಂದು ಪುಟದ ಸಮಸ್ಯೆ ಪತ್ರ, ಇಲ್ಲಿಯವರೆಗಿನ ತಿಂಗಳ ಮೇಲ್‌ಗಳು ತೋರಿಸಿ, ಮೊದಲ ವಾರದಲ್ಲೇ ಭೇಟಿ ಮಾಡಿ. ತಡ ಮಾಡಿದರೆ ಅವರಿಗೆ ನೀವು ಹಿಂದಿನವರು ಬಿಟ್ಟುಹೋದ ಹೊರೆ.

ಫೆಲೊ ಬೇರೆ ಕೆಲಸ ಸಿಕ್ಕಿ ಹೋದರೆ ಇನ್ನೊಬ್ಬರನ್ನು ತೆಗೆದುಕೊಳ್ಳಲು ಮೂರು ತಿಂಗಳು ಹೋಗುತ್ತದೆ. ದುಡ್ಡು ಹೆಚ್ಚಿಸದೆ ಅವಧಿ ವಿಸ್ತರಿಸುವ ಸಾಲು ಒಪ್ಪಂದದಲ್ಲೇ ಇರಲಿ. ಕಂಪನಿ ನಡುವೆ ನಿಲ್ಲಿಸಿದರೆ? 90 ದಿನದ ನೋಟಿಸ್, ಆ ತನಕದ ಖರ್ಚು, ಮತ್ತು ಸೇರಿಕೊಂಡಿರುವ ಫೆಲೊನ ಆ ವರ್ಷದ ಸಂಬಳ ಅವರ ಜವಾಬ್ದಾರಿ ಎಂದು ಕೇಳಿ. ಪೂರ್ತಿ ಒಪ್ಪದಿದ್ದರೂ ಅರ್ಧ ಒಪ್ಪುತ್ತಾರೆ.

ಒಬ್ಬರಿಗೆ 27 ಲಕ್ಷ ಜಾಸ್ತಿಯಾಯಿತು ಅನ್ನಿಸಿದರೆ ಹತ್ತು ಫೌಂಡ್ರಿ ಸೇರಿ ಹಾಕಬಹುದು. ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್ ದಶಕಗಳಿಂದ ನಡೆಸುವ ಉದ್ಯಮ-ವಿಶ್ವವಿದ್ಯಾಲಯ ಕೇಂದ್ರಗಳು ಇದೇ ಕ್ರಮದವು. ಕಂಪನಿಗಳು ಸದಸ್ಯತ್ವ ಶುಲ್ಕ ಕಟ್ಟುತ್ತವೆ, ಯಾವ ಪ್ರಾಜೆಕ್ಟ್ ಮಾಡಬೇಕು ಎಂದು ಅವರ ಸಲಹಾ ಮಂಡಳಿ ನೋಡುತ್ತದೆ, ಫಲಿತಾಂಶ ಸದಸ್ಯರೆಲ್ಲರಿಗೂ. ಪರಸ್ಪರ ಪೈಪೋಟಿ ಇರುವವರು ಒಟ್ಟಿಗೆ ಕೂರುತ್ತಾರಾ ಅಂದರೆ, ಮರಳಿನ ತೇವದಂಥ ಎಲ್ಲರಿಗೂ ಸಮಾನವಾದ ಸಮಸ್ಯೆಗೆ ಕೂರುತ್ತಾರೆ. ಗ್ರಾಹಕರ ಡ್ರಾಯಿಂಗ್ ಇರುವ ಕೆಲಸಕ್ಕೆ ಕೂರುವುದಿಲ್ಲ.

ಹೆಜ್ಜೆ 9: ಮುಗಿಸುವುದು

ಅಂತಿಮ ವರದಿ ಎರಡು ಬರೆಯಿರಿ. ನಿಮ್ಮ ವಿಭಾಗಕ್ಕೆ ಎಂಬತ್ತು ಪುಟದ್ದು ಒಂದು. ಸ್ಯಾಂಡ್ ಪ್ಲಾಂಟ್ ಗೋಡೆಗೆ ಅಂಟಿಸುವ ಒಂದು ಹಾಳೆ ಇನ್ನೊಂದು, ಕನ್ನಡದಲ್ಲಿ, ಬೇಕಿದ್ದರೆ ಮರಾಠಿಯಲ್ಲೂ: ತೇವ ಇಷ್ಟು ದಾಟಿದರೆ ಏನು ಮಾಡಬೇಕು, ಮಳೆಗಾಲದಲ್ಲಿ ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು, ಯಾರಿಗೆ ಹೇಳಬೇಕು. ಪಾಳಿಯವರ ಜೊತೆ ಒಂದು ವಾರ ನಿಂತು ಆ ಹಾಳೆಯನ್ನು ಅವರ ಮಾತಿಗೆ ತಕ್ಕಂತೆ ತಿದ್ದಿ.

ಖರ್ಚಿನ ಪಟ್ಟಿ ಮತ್ತು ಯುಟಿಲೈಸೇಶನ್ ಸರ್ಟಿಫಿಕೇಟ್ ಅಕೌಂಟ್ಸ್‌ನಿಂದ ಹೊರಡಿಸಲು ತಿಂಗಳು ಬೇಕು, ಮೊದಲೇ ಅವರ ಹಿಂದೆ ಬೀಳಿ. ಉಪಕರಣ ಕಾಲೇಜಿನಲ್ಲೇ ಉಳಿಯುತ್ತದೆ ಎಂದು ಒಪ್ಪಂದದಲ್ಲಿದ್ದರೂ, ಫೌಂಡ್ರಿಯಲ್ಲಿ ಇಟ್ಟಿರುವ ತೇವ ಅಳೆಯುವ ಮೀಟರ್ ಯಾರ ಸ್ಟಾಕ್ ಬುಕ್‌ನಲ್ಲಿದೆ ನೋಡಿಕೊಳ್ಳಿ, ಆಡಿಟ್‌ನಲ್ಲಿ ಹುಡುಕುವುದು ಅದನ್ನೇ. ಬಂದ ಮೊತ್ತವನ್ನು ಎನ್‌ಐಆರ್‌ಎಫ್ (ಕಾಲೇಜುಗಳ ರ್ಯಾಂಕಿಂಗ್) ಅರ್ಜಿ ತುಂಬುವವರಿಗೆ ಬರೆದುಕೊಡಿ, ಸ್ಪಾನ್ಸರ್ಡ್ ರಿಸರ್ಚ್ ಮತ್ತು ಕನ್ಸಲ್ಟೆನ್ಸಿಗೆ ಅಲ್ಲಿ ಬೇರೆ ಬೇರೆ ಲೆಕ್ಕ ಇದೆ. ಆಮೇಲೆ ಆ ಉಳಿದ ಶೇ. 10ರ ಇನ್‌ವಾಯ್ಸ್ ಕಳಿಸಿ, 45 ದಿನ ಕಾಯಿರಿ, 46ನೇ ದಿನ ಫೋನ್ ಮಾಡಿ.